‘ಆಯ್ತು’ ನಿಷೇಧ ಸುತ್ತೋಲೆ

ನನ್ನ ಕೈಕೆಳಗೆ ಇಬ್ಬರು ಕೆಲಸ ಮಾಡುತ್ತಾರೆ. ‘ಮಾಡುತ್ತಾರೆ’ ಎಂಬ ಕ್ರಿಯಾಪದವನ್ನು ವಾಕ್ಯ ಪೂರ್ತಿಯಾಗಲಿ ಎಂದಷ್ಟೇ ಬಳಸಿದ್ದೇನೆ. ಅದರಲ್ಲಿ ಎಷ್ಟು ಕ್ರಿಯೆ ಇದೆ ಎಂದು ದಯವಿಟ್ಟು ಕೇಳಬೇಡಿ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯೊಂದರ ಮೇಲ್ವಿಚಾರಕ. ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಬೀದಿಯ ಕಡೆ ನನ್ನ ಮೇಜು, ನಡುವೆ ಹೊಲಿಗೆಯ ಬೆಂಚು, ಹಿಂದಿನ ಗೋಡೆಗೆ ರಟ್ಟು ಕತ್ತರಿಸುವ ಯಂತ್ರ, ಅದರ ಪಕ್ಕ ಪುಸ್ತಕಗಳನ್ನು ಅದುಮಿಡುವ ಕಬ್ಬಿಣದ ಪ್ರೆಸ್ಸು. ಗೋಂದಿನ ವಾಸನೆ ಎಲ್ಲ ಕಡೆ ಇರುತ್ತದೆ. ಒಂಬತ್ತು ವರ್ಷಗಳಿಂದ ನನ್ನ ಅಂಗಿಗಳಲ್ಲೂ ಇದೆ. (‘ನೀವು ಮನೆಗೆ ಅಂಟಿಕೊಂಡೇ ಇರೋದಿಲ್ಲ’ ಎಂದು ಹೆಂಡತಿ ದೂರಿದಾಗ ನಾನು ಅಂಗಿಯನ್ನು ಮೂಸಲು ಕೊಡುತ್ತೇನೆ. ಇದುವರೆಗೆ ಆ ವಾದದಲ್ಲಿ ಗೆದ್ದಿಲ್ಲ.)

ಇಬ್ಬರಲ್ಲಿ ಮೊದಲನೆಯವನು ಆಯ್ತಪ್ಪ. ತಂದೆತಾಯಿ ಇಟ್ಟ ಹೆಸರು ಬೇರೆ. ಏನು ಹೇಳಿದರೂ ‘ಆಯ್ತು’ ಎನ್ನುವುದರಿಂದ ಈ ಹೆಸರು ಅಂಟಿತು. ಆ ವಿಷಯ ಅವನಿಗೆ ಗೊತ್ತಾದಾಗಲೂ ‘ಆಯ್ತು’ ಎಂದ. ಕೆಲಸದಲ್ಲಿ ಅವನಷ್ಟು ಪಳಗಿದ ಕೈ ಇನ್ನೊಂದಿಲ್ಲ. ಅವನು ಕಟ್ಟಿದ ಪುಸ್ತಕವನ್ನು ಎಲ್ಲಿ ತೆರೆದರೂ ಹಾಸಿದಂತೆ ಮಲಗುತ್ತದೆ. ತೊಂದರೆಯೆಂದರೆ ಅದು ಯಾವಾಗ ನಮ್ಮ ಕೈಗೆ ಬರುತ್ತದೆ ಎಂಬುದು ಅವನಿಗೂ ಗೋಂದಿಗೂ ಮಾತ್ರ ಗೊತ್ತು.

ಎರಡನೆಯವರು ಹೊಲಿಗೆಯ ಹೆಂಗಸು, ಯಾಕಮ್ಮ. ಯಾವ ಮಾತು ಹೇಳಿದರೂ ತಲೆ ಎತ್ತದೆ ‘ಯಾಕೆ?’ ಎನ್ನುತ್ತಾರೆ. ಕಿಟಕಿ ಹಾಕಿ ಎಂದರೆ ಯಾಕೆ, ಹಾಕಬೇಡಿ ಎಂದರೆ ಯಾಕೆ. ಒಮ್ಮೆ, ನಾಳೆ ನಿಮಗೆ ರಜೆ ಎಂದೆ. ಅದಕ್ಕೂ ಕಾರಣ ಕೊಡಬೇಕಾಯಿತು. ಒಬ್ಬ ಎಲ್ಲದಕ್ಕೂ ಒಪ್ಪುತ್ತಾನೆ, ಇನ್ನೊಬ್ಬರು ಯಾವುದಕ್ಕೂ ಒಪ್ಪುವುದಿಲ್ಲ. ಸಂಜೆ ನೋಡಿದರೆ ಎರಡರ ಫಲವೂ ಒಂದೇ.

ಊರಿನ ಗ್ರಂಥಾಲಯಕ್ಕೆ ಸುಣ್ಣಬಣ್ಣ ಆಗುತ್ತಿತ್ತು. ಅದು ಮುಗಿಯುವುದರೊಳಗೆ ಹೊಸ ರಟ್ಟು ಹಾಕಿಕೊಡಿ ಎಂದು ನೂರ ಅರವತ್ತು ಹಳೆಯ ಪುಸ್ತಕಗಳನ್ನು ನಮಗೆ ಕಳಿಸಿದ್ದರು. ವರ್ಷವರ್ಷವೂ ಬರುವ ಕೆಲಸ. ನಮ್ಮ ಅಂಗಡಿ ನಿಂತಿರುವುದೇ ಅದರ ಮೇಲೆ. ಗುರುವಾರ ಬೆಳಿಗ್ಗೆ ಗ್ರಂಥಪಾಲಕಿ ಫೋನ್ ಮಾಡಿ, ‘ಕಪಾಟುಗಳು ಖಾಲಿ ನಿಂತಿವೆ, ಎಲ್ಲಿಗೆ ಬಂತು?’ ಎಂದು ಕೇಳಿದರು. ನಾನು ಫೋನಿನ ಬಾಯಿಗೆ ಕೈ ಮುಚ್ಚಿ, ಕೂತಲ್ಲಿಂದಲೇ ಹಿಂದಕ್ಕೆ ಕೂಗಿದೆ.

‘ಲೈಬ್ರರಿದು ಆಯ್ತಾ?’

‘ಆಯ್ತು ಸಾರ್.’

‘ಆಗಿದೆ ಮೇಡಂ, ವ್ಯಾನ್ ಕಳಿಸಿ’ ಎಂದೆ.

ಮೂರು ಗಂಟೆಗೆ ವ್ಯಾನ್ ಬಂತು. ವ್ಯಾನಿನಲ್ಲಿ ಗ್ರಂಥಪಾಲಕಿಯೂ ಬಂದರು. ಅವರನ್ನು ಕರೆದುಕೊಂಡು ಹಿಂದಕ್ಕೆ ಹೋಗಿ ಪುಸ್ತಕಗಳ ಮೇಲಿನ ಹೊದಿಕೆ ಸರಿಸಿದೆ. ನೂರ ಅರವತ್ತು ಪುಸ್ತಕಗಳು, ರಟ್ಟಿಲ್ಲದೆ, ಬೆನ್ನಿನಿಂದ ದಾರ ಇಳಿಬಿಟ್ಟುಕೊಂಡು, ಸ್ನಾನಕ್ಕೆ ಸಾಲು ನಿಲ್ಲಿಸಿದ ಮಕ್ಕಳ ಹಾಗೆ ನಿಂತಿದ್ದವು.

ಗ್ರಂಥಪಾಲಕಿ ಇಪ್ಪತ್ತು ವರ್ಷ ಮೆಲ್ಲಗೆ ಮಾತಾಡಿ ಅಭ್ಯಾಸವಾದವರು. ಜೋರು ಮಾಡಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು. ‘ಸೋಮವಾರ ಒಂಬತ್ತಕ್ಕೆ ಬರ್ತೀನಿ’ ಎಂದು ಪಿಸುಗುಟ್ಟಿದರು. ‘ಇಲ್ಲದಿದ್ರೆ ಇವನ್ನ ಹೀಗೇ ತಗೊಂಡು ಹೋಗ್ತೀನಿ. ಬೇರೆ ಕಡೆಯೂ ರಟ್ಟು ಕಟ್ತಾರೆ.’

ನಮ್ಮ ಯಜಮಾನರು ಮೇಲಿನ ಮಹಡಿಯಲ್ಲಿ ಕಾಗದದ ಮಳಿಗೆ ನೋಡಿಕೊಳ್ಳುತ್ತಾರೆ. ಎಲ್ಲ ಸರಿಯಿದ್ದಾಗ ಕೆಳಗೆ ಇಳಿಯುವವರಲ್ಲ. ಆ ದಿನ ಇಳಿದರು. ‘ಅವನು ಆಯ್ತು ಅಂದ, ನೀನು ಆಗಿದೆ ಅಂದೆ’ ಎಂದು ಲೆಕ್ಕ ಹಾಕಿದವರಂತೆ ಹೇಳಿದರು. ‘ಸೋಮವಾರದೊಳಗೆ ಅವನನ್ನ ಸರಿ ಮಾಡು. ಸರಿ ಹೋಗಲಿಲ್ಲ ಅಂದ್ರೆ ಕಳಿಸಿಬಿಡು.’

ಅವರು ಮೆಟ್ಟಿಲು ಹತ್ತಿ ಹೋದಮೇಲೆ ನಾನು ವಿಚಾರಣೆಗೆ ಕೂತೆ.

‘ಏನಪ್ಪಾ, ಆಗದೆ ಇರೋದನ್ನ ಆಯ್ತು ಅಂದ್ಯಲ್ಲ?’

‘ನೀವು ಆಯ್ತಾ ಅಂದ್ರಿ ಸಾರ್.’

‘ಮುಗೀತಾ ಅಂತ ಕೇಳಿದ್ದು ನಾನು.’

‘ಮುಗೀತಾ ಅಂತ ಕೇಳ್ಲಿಲ್ಲ. ಆಯ್ತಾ ಅಂದ್ರಿ. ಸೋಮವಾರಾನೂ ಹಾಗೇ ಅಂದಿದ್ರಿ, ಲೈಬ್ರರಿದು ಮೊದಲು ತಗೋ, ಆಯ್ತಾ, ಅಂತ. ಅದಕ್ಕೆ ಆಯ್ತು ಅಂದಿದ್ದೆ. ಇವತ್ತೂ ಅದನ್ನೇ ನೆನಪು ಮಾಡ್ತಿದ್ದೀರಿ ಅಂದ್ಕೊಂಡೆ.’

‘ಇನ್ನು ಮೇಲೆ ಕೆಲಸ ಮುಗಿದ್ರೆ ಮಾತ್ರ ಆಯ್ತು ಅನ್ನು.’

‘ಆಯ್ತು ಸಾರ್.’

ಎಂಥ ಅಪಾಯಕಾರಿ ಪದ ನೋಡಿ. ಒಪ್ಪಿಗೆಗೂ ಅದೇ, ಮುಕ್ತಾಯಕ್ಕೂ ಅದೇ. ಕೆಲಸ ಶುರುವಾಗುವ ಮುಂಚೆ ಹೇಳುವುದನ್ನೇ ಮುಗಿದ ಮೇಲೂ ಹೇಳಬಹುದು. ನಡುವೆ ಕೆಲಸ ನಡೆಯಲೇಬೇಕೆಂಬ ಕಟ್ಟುಪಾಡು ಆ ಪದದಲ್ಲಿ ಎಲ್ಲೂ ಇಲ್ಲ.

ಸಂಜೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದಾಳೆ. ದಿನವಿಡೀ ಒಂದು ಕಿವಿಯಲ್ಲಿ ನೀರಿಲ್ಲದವರು, ಇನ್ನೊಂದರಲ್ಲಿ ರಿಪೇರಿಯವರು. ರಿಪೇರಿಯವನು ‘ಹೊರಟಿದ್ದೀನಿ’ ಎಂದರೆ ಕಾಲಿಗೆ ಚಪ್ಪಲಿ ಹಾಕಿದ್ದಾನೋ ಇಲ್ಲವೋ ಎಂದು ಫೋನಿನಲ್ಲೇ ಹೇಳಬಲ್ಲಳು. ಅವಳು ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡಳು.

‘ನಿಮ್ಮ ಮೇಜಿಂದ ಆ ಪುಸ್ತಕಗಳಿಗೆ ಎಷ್ಟು ಹೆಜ್ಜೆ?’

‘ಹನ್ನೆರಡು.’

‘ಎದ್ದು ಹೋಗಿ ನೋಡಬಹುದಿತ್ತು.’

‘ನಾನು ಮೇಲ್ವಿಚಾರಕ ಕಣೇ. ಎದ್ದು ಹೋಗಿ ನೋಡೋದಾದ್ರೆ ಕೇಳೋದು ಯಾಕೆ?’

ಅವಳು ಒಲೆಯ ಪಕ್ಕದ ಕಪಾಟನ್ನು ತೆಗೆಯಲು ಬಗ್ಗಿದಳು. ಅದರ ಬಾಗಿಲಿನ ಕೆಳಗಿನ ಕೀಲು ಮುರಿದಿತ್ತು. ತಾತ್ಕಾಲಿಕವಾಗಿ ಇರಲಿ ಎಂದು ನಾನೇ ನಮ್ಮ ಅಂಗಡಿಯ ಮೇಣದ ದಾರದಿಂದ ಕಟ್ಟಿದ್ದೆ. (ತಾತ್ಕಾಲಿಕಕ್ಕೆ ಆಗ ಎಂಟು ತಿಂಗಳು ತುಂಬಿತ್ತು.) ಅವಳು ಗಂಟು ಬಿಚ್ಚಿ, ಉಪ್ಪು ತೆಗೆದು, ಮತ್ತೆ ಗಂಟು ಹಾಕಿದಳು.

ಆ ಗಂಟು ನೋಡುತ್ತಿರುವಾಗಲೇ ನನಗೆ ಉಪಾಯ ಹೊಳೆಯಿತು. ಕೆಲಸಗಾರನನ್ನು ತಿದ್ದುವುದು ಕಷ್ಟ. ಪದವನ್ನೇ ತೆಗೆದುಹಾಕಿದರೆ? ನಾನು ಕಾಗದ ತಂದು ಸುತ್ತೋಲೆ ಬರೆಯಲು ಕೂತೆ. ಬರೆದು ಮುಗಿಸಿ ಗಟ್ಟಿಯಾಗಿ ಓದಿದೆ.

‘ಎಲ್ಲ ನೌಕರರ ಗಮನಕ್ಕೆ. ಇಂದಿನಿಂದ ಈ ಆವರಣದಲ್ಲಿ “ಆಯ್ತು” ಎಂಬ ಪದದ ಉಚ್ಚಾರಣೆಯನ್ನು ನಿಷೇಧಿಸಲಾಗಿದೆ. ಮಾತಿಗೆ ಸಮ್ಮತಿ ಇದ್ದಲ್ಲಿ “ಒಪ್ಪಿದ್ದೇನೆ” ಎಂದೂ, ಕಾರ್ಯ ಪೂರ್ಣಗೊಂಡಲ್ಲಿ “ಮುಗಿದಿದೆ” ಎಂದೂ ಹೇಳತಕ್ಕದ್ದು. ಎರಡೂ ಅಲ್ಲದ ಪಕ್ಷದಲ್ಲಿ, ಅಡ್ಡಿ ಏನು ಮತ್ತು ಯಾವಾಗ ಮುಗಿಯುವುದು ಎಂಬ ನಿಜವನ್ನು ತಿಳಿಸತಕ್ಕದ್ದು. ಈ ನಿಯಮ ನೌಕರರಿಗೆ ಮಾತ್ರ. ಮೇಲಿನವರಿಗೆ ಅನ್ವಯಿಸುವುದಿಲ್ಲ.’

ಹೆಂಡತಿ ಚಾಕು ಕೆಳಗಿಟ್ಟಳು. ಹದಿನೇಳು ವರ್ಷದ ದಾಂಪತ್ಯದಲ್ಲಿ ನನ್ನ ಬರವಣಿಗೆಯನ್ನು ಅವಳು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

‘ತುಂಬಾ ಚೆನ್ನಾಗಿದೆ ರೀ. ಇನ್ನೊಂದು ಪ್ರತಿ ಬರೀರಿ.’

‘ಯಾಕೆ?’

‘ಇರಲಿ. ಇಂಥದ್ದು ಒಂದು ಹೆಚ್ಚಿಗೆ ಇರಬೇಕು.’

ಮೆಚ್ಚುಗೆಗೆ ಕಾರಣ ಕೇಳಬಾರದು. ಒಳ್ಳೆಯ ಅಕ್ಷರದಲ್ಲಿ ಇನ್ನೊಂದು ಬರೆದು, ಸಹಿ ಹಾಕಿ, ಅವಳ ಕೈಗೆ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಸುತ್ತೋಲೆಯನ್ನು ಪ್ರೆಸ್ಸಿನ ಮೇಲಿನ ಗೋಡೆಗೆ ಅಂಟಿಸಿದೆ. ಯಾಕಮ್ಮ ಓದಿ, ‘ಯಾಕೆ?’ ಎಂದರು. ಆಯ್ತಪ್ಪ ಎರಡು ಸಲ ಓದಿದ. ಬಾಯಿ ತೆರೆದ. ಮುಚ್ಚಿದ. ಹೋಗಿ ತನ್ನ ಜಾಗದಲ್ಲಿ ನಿಂತುಕೊಂಡ. ಮೊದಲ ಜಯ ನನ್ನದಾಯಿತು.

ಜಯದ ನಂತರ ಆಡಳಿತ ನಡೆಸಬೇಕಲ್ಲ. ‘ಮೊದಲು ದಪ್ಪ ಪುಸ್ತಕ ತಗೋ, ಆಯ್ತಾ?’ ಎಂದೆ. ಆಯ್ತಪ್ಪ ಗೋಡೆ ನೋಡಿದ. ‘ಬೆನ್ನಿಗೆ ಕಂದು ಬಟ್ಟೆ, ಆಯ್ತಾ?’ ಎಂದೆ. ಯಾಕಮ್ಮ ಹೊಲಿಗೆ ನಿಲ್ಲಿಸಿ, ರಟ್ಟಿನ ಚೂರೊಂದನ್ನು ಎದುರಿಗೆ ಇಟ್ಟುಕೊಂಡು, ಪೆನ್ಸಿಲಿನಲ್ಲಿ ಗೀಟು ಎಳೆದರು. ಏನೋ ಅಳತೆ ಮಾಡುತ್ತಿದ್ದಾರೆ ಎಂದುಕೊಂಡೆ. ಊಟದ ಹೊತ್ತಿಗೆ ಆ ರಟ್ಟು ನನ್ನ ಮೇಜಿಗೆ ಬಂತು.

‘ಏನಿದು?’

‘ನೀವು ಇಪ್ಪತ್ತಮೂರು ಸಲ. ಅವನು ಸೊನ್ನೆ’ ಎಂದರು ಯಾಕಮ್ಮ.

‘ಕೊನೇ ಸಾಲು ಓದಿ. ಮೇಲಿನವರಿಗೆ ಅನ್ವಯಿಸೋದಿಲ್ಲ.’

‘ಯಾಕೆ?’

ಇದಕ್ಕೆ ಉತ್ತರ ಇದೆ ಎಂದು ಈಗಲೂ ನಂಬಿದ್ದೇನೆ. ಆಗ ಆಯ್ತಪ್ಪನ ಕಡೆ ತಿರುಗಿ, ‘ಬೆಳಿಗ್ಗೆಯಿಂದ ಎಷ್ಟು ರಟ್ಟು ಕತ್ತರಿಸಿದೆ?’ ಎಂದು ಕೇಳಿದೆ.

‘ಮೂವತ್ತೆರಡು.’

ಒಂದು ಪುಸ್ತಕಕ್ಕೆ ಎರಡು ರಟ್ಟು. ಮುನ್ನೂರ ಇಪ್ಪತ್ತು ಬೇಕು. ಸೋಮವಾರಕ್ಕೆ ಉಳಿದಿರುವುದು ಎರಡೂವರೆ ದಿನ. ‘ಇದು ಸಾಲದಪ್ಪ, ಬೇಗ ಬೇಗ ಆಗ್ಬೇಕು, ಆಯ್ತಾ?’ ಎಂದೆ. (ಇಪ್ಪತ್ತನಾಲ್ಕು.)

ಆಯ್ತಪ್ಪನ ಬಾಯಿಗೆ ಅಭ್ಯಾಸದ ಪದ ಬಂತು. ಅವನ ಗಂಟಲಿನಲ್ಲಿ ಅದು ಹತ್ತಿ ಇಳಿದದ್ದು ನನಗೆ ಕಾಣಿಸಿತು. ಅವನು ಗೋಡೆ ನೋಡಿದ, ‘ಎರಡೂ ಅಲ್ಲದ ಪಕ್ಷದಲ್ಲಿ’ ಎಂಬಲ್ಲಿ ಕಣ್ಣು ನಿಲ್ಲಿಸಿದ, ಆಮೇಲೆ ಒಂಬತ್ತು ವರ್ಷಗಳಲ್ಲಿ ಮೊದಲ ಸಲ ನನಗೆ ಎದುರು ಮಾತಾಡಿದ.

‘ಒಪ್ಪಿಲ್ಲ ಸಾರ್. ಅಡ್ಡಿ ಏನು ಅಂದ್ರೆ, ಯಂತ್ರದ ಅಲಗು ಮೊಂಡಾಗಿದೆ. ಅದರಲ್ಲಿ ಕತ್ತರಿಸಿದ್ರೆ ಅಂಚು ಕಿತ್ತು ಬರುತ್ತೆ. ಒಂದೊಂದು ರಟ್ಟನ್ನೂ ಕೈಚಾಕುವಿನಲ್ಲಿ ಕತ್ತರಿಸ್ತಿದ್ದೀನಿ. ಅಲಗು ಸಾಣೆಗೆ ಕೊಡಿ ಅಂತ ನಾಲ್ಕು ತಿಂಗಳಿಂದ ಹೇಳ್ತಿದ್ದೀನಿ. ಪ್ರತಿ ಸಲಾನೂ ನೀವು ಒಂದೇ ಮಾತು ಹೇಳ್ತೀರಿ.’

‘ಏನು ಹೇಳ್ತೀನಿ?’

ಅವನು ಹೇಳಲಿಲ್ಲ. ನಿಷೇಧವಿತ್ತು. ಬೆರಳು ಎತ್ತಿ ಸುತ್ತೋಲೆಯಲ್ಲಿ ಆ ಪದವನ್ನು ತೋರಿಸಿದ.

 ಯಾಕಮ್ಮ ಕೂಡ ಯಾಕೆಂದು ಕೇಳಲಿಲ್ಲ. ಹನ್ನೆರಡು ಹೆಜ್ಜೆ ನಡೆದು ಯಂತ್ರದ ಹತ್ತಿರ ಹೋದೆ. ಅಲಗಿನ ಮೇಲೆ ಹೆಬ್ಬೆರಳು ಎಳೆದೆ. ನನ್ನ ಬೆರಳಿಗೆ ಏನೂ ಆಗಲಿಲ್ಲ. ಬೆಣ್ಣೆಗೂ ಏನೂ ಆಗುತ್ತಿರಲಿಲ್ಲ.

ಅಲಗನ್ನು ಬಿಚ್ಚಿ, ಹಳೆಯ ಕಂಬಳಿಯಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ನಾನೇ ಸಾಣೆಯವನ ಅಂಗಡಿಗೆ ಹೋದೆ. ಎರಡು ಬೀದಿ ಆಚೆ. ‘ಆಯ್ತು ಸಾರ್, ಬುಧವಾರ ಬನ್ನಿ’ ಎಂದ ಸಾಣೆಯವನು. ನಾನು ಅಲ್ಲಿಂದ ಕದಲಲಿಲ್ಲ. ಅವನ ಮುಂದೆ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಕೂತೆ. ನಾಲ್ಕು ತಿಂಗಳಿಂದ ಆಗದ ಕೆಲಸ ಐವತ್ತು ನಿಮಿಷದಲ್ಲಿ ಮುಗಿಯಿತು.

ಅಂದು ಸಂಜೆಯೊಳಗೆ ಎಲ್ಲ ರಟ್ಟೂ ಸಿದ್ಧವಾದವು. ಶನಿವಾರ, ಭಾನುವಾರ ಮೂವರೂ ಕೂತೆವು. ಯಾಕಮ್ಮ ಬೆನ್ನುಗಳನ್ನು ಬಿಗಿದರು, ಆಯ್ತಪ್ಪ ರಟ್ಟು ಕೂರಿಸಿದ, ನಾನು ಗೋಂದು ಕಲಸಿದೆ. ಗೋಂದು ಗಂಟಾಗಿದೆ ಎಂದು ಇಬ್ಬರೂ ಒಂದೇ ಸಲ ಹೇಳಿದರು. ಅವರಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ನನ್ನ ಆಡಳಿತದ ಸಾಧನೆ ಎಂದೇ ತಿಳಿದಿದ್ದೇನೆ. ಭಾನುವಾರ ಐದು ಗಂಟೆಗೆ ಕೊನೆಯ ಪುಸ್ತಕ ಪ್ರೆಸ್ಸಿನಿಂದ ಹೊರಬಂತು. ಆಯ್ತಪ್ಪ ಅದನ್ನು ಮೇಜಿನ ಮೇಲಿಟ್ಟು, ನಡುವೆ ತೆರೆದು, ಅದು ಹಾಸಿದಂತೆ ಮಲಗಿದ್ದನ್ನು ನೋಡಿ, ‘ಮುಗಿದಿದೆ’ ಎಂದ. ಆ ಪದ ಅವನ ಬಾಯಲ್ಲಿ ಎಷ್ಟು ಚೆನ್ನಾಗಿತ್ತೆಂದರೆ ನಾನು ಇನ್ನೊಂದು ಸಲ ಹೇಳಿಸಿದೆ.

ಸೋಮವಾರ ಒಂಬತ್ತಕ್ಕೆ ಗ್ರಂಥಪಾಲಕಿ ಬಂದರು. ಕೆಲವು ಬೆನ್ನುಗಳ ಮೇಲೆ ಬೆರಳಾಡಿಸಿ, ‘ಚೆನ್ನಾಗಿದೆ, ಮುಂದಿನ ವರ್ಷಕ್ಕೂ ನಿಮಗೇ ಅಂತ ಪುಸ್ತಕ ಎತ್ತಿಟ್ಟಿದ್ದೀನಿ’ ಎಂದು ಪಿಸುಗುಟ್ಟಿದರು. ವ್ಯಾನ್ ಹೋದಮೇಲೆ ಯಜಮಾನರು ಇಳಿದರು.

‘ಅವನನ್ನ ಸರಿ ಮಾಡಿದೆಯಾ?’

‘ಅಲಗು ಸರಿ ಮಾಡಿಸಿದೆ ಸಾರ್.’

‘ಅಲಗು ನೋಡ್ಕೋಬೇಕಾದ್ದು ಯಾರು?’

ಆಯ್ತಪ್ಪ ಹಿಂದೆ ನಿಂತಿದ್ದ. ಚಾಕು ಒರೆಸತೊಡಗಿದ. ಯಾಕಮ್ಮ ಸೂಜಿಗೆ ದಾರ ಪೋಣಿಸುತ್ತಾ ಬಹಳ ಹೊತ್ತು ತೆಗೆದುಕೊಂಡರು. ‘ನಾನು’ ಎಂದೆ.

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಹಾಗಾದ್ರೆ ಅವನನ್ನ ಕಳಿಸೋದು ಬೇಡ’ ಎಂದು ಹೇಳಿ, ಮತ್ತೆ ಯಾರನ್ನು ಕಳಿಸಬೇಕು ಎಂಬುದನ್ನು ಹೇಳದೆ, ಮೆಟ್ಟಿಲು ಹತ್ತಿದರು. ಅರ್ಧಕ್ಕೆ ಹೋದಮೇಲೆ ನಕ್ಕ ಸದ್ದು ಕೇಳಿಸಿತು. ಕೆಮ್ಮು ಎಂದು ಯಾಕಮ್ಮ ವಾದಿಸುತ್ತಾರೆ.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ನನಗೆ ಮರ್ಯಾದೆ ಇರುತ್ತಿತ್ತು. ಆದರೆ ಆ ಹೆಚ್ಚುವರಿ ಪ್ರತಿ ಇದೆಯಲ್ಲ.

ಅದು ಶುಕ್ರವಾರ ಸಂಜೆಯೇ ಅಡುಗೆಮನೆಯ ಆ ಕಪಾಟಿನ ಬಾಗಿಲ ಮೇಲೆ ಪ್ರತ್ಯಕ್ಷವಾಗಿತ್ತು. ಹೆಂಡತಿ ಅದರ ಪಕ್ಕದಲ್ಲಿ ನಿಂತು, ಫೋನಿನಲ್ಲಿ ಮಾತಾಡುವ ಧ್ವನಿಯಲ್ಲಿ ಹೇಳಿದ್ದಳು:

‘ಈ ಬಾಗಿಲು ಸರಿ ಮಾಡ್ಬೇಕು.’

ಎಂಟು ತಿಂಗಳಿಂದ ಈ ಮಾತಿಗೆ ನನ್ನ ಬಳಿ ಒಂದು ಉತ್ತರವಿತ್ತು. ಅದು ನಾಲಗೆಯ ತುದಿಗೆ ಬಂದು, ನನ್ನದೇ ಅಕ್ಷರ ನೋಡಿ ಹಿಂದಕ್ಕೆ ಹೋಯಿತು. ‘ಮುಗಿದಿದೆ’ ಎನ್ನುವಂತಿಲ್ಲ, ದಾರ ನೇತಾಡುತ್ತಿದೆ. ‘ಒಪ್ಪಿಲ್ಲ’ ಎನ್ನುವ ಎದೆಗಾರಿಕೆ ಆಯ್ತಪ್ಪನಿಗೆ ಇರಬಹುದು, ಅವನು ನಿಂತಿದ್ದದ್ದು ನನ್ನ ಮುಂದೆ, ನಾನು ನಿಂತಿದ್ದದ್ದು ಹೆಂಡತಿಯ ಮುಂದೆ. ‘ಸೋಮವಾರ ಸಂಜೆ’ ಎಂದು ಒಪ್ಪಿಕೊಂಡುಬಿಟ್ಟೆ.

ಸೋಮವಾರ ಸಂಜೆ, ಗೆಲುವಿನ ಅಮಲಿನಲ್ಲಿ, ಕೀಲು ತರುವುದು ನನ್ನಂಥವನಿಗೆ ಕಡಿಮೆ ಎನಿಸಿತು. ಪುಸ್ತಕದ ರಟ್ಟು ಸಾವಿರ ಸಲ ತೆರೆದು ಮುಚ್ಚಿದರೂ ಅದಕ್ಕೆ ಕೀಲಿದೆಯೇ? ಒಂದು ಪಟ್ಟಿ ಬಟ್ಟೆ, ಒಳ್ಳೆಯ ಗೋಂದು, ಅಷ್ಟೆ. ಬಾಗಿಲಿನ ಅಂಚಿಗೂ ಚೌಕಟ್ಟಿಗೂ ಕಂದು ಬಟ್ಟೆಯನ್ನು ಧಾರಾಳ ಗೋಂದಿನಿಂದ ಅಂಟಿಸಿದೆ. ನಮ್ಮ ಕಸುಬಿನ ಕ್ರಮದಂತೆ ಬಾಗಿಲು ಮುಚ್ಚಿ, ಊಟದ ಮೇಜನ್ನು ಅದಕ್ಕೆ ಒತ್ತರಿಸಿ, ಬೆಳಗಿನವರೆಗೆ ಬಿಟ್ಟೆ. ಪುಸ್ತಕವನ್ನು ಪ್ರೆಸ್ಸಿಗೆ ಹಾಕುವ ಮುಂಚೆ ಹಾಳೆಯೂ ರಟ್ಟೂ ಒಂದಕ್ಕೊಂದು ಅಂಟದಿರಲಿ ಎಂದು ನಡುವೆ ಮೇಣದ ಕಾಗದ ಇಡಬೇಕು. ಇದನ್ನು ಮರೆತವರನ್ನು ನಾನು ಒಂಬತ್ತು ವರ್ಷಗಳಿಂದ ಬೈಯುತ್ತಾ ಬಂದಿದ್ದೇನೆ.

ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಸುತ್ತಲೂ ಗೋಂದು ಇಳಿದು, ಬಾಗಿಲು, ಚೌಕಟ್ಟು, ಕಪಾಟು ಎಲ್ಲ ಒಂದೇ ಗ್ರಂಥವಾಗಿದ್ದವು. ಒಳಗೆ ಉಪ್ಪು, ಸಕ್ಕರೆ, ಟೀ ಪುಡಿ. ಹೆಂಡತಿ ಬಿಸಿನೀರು ಕುಡಿದು ಕೆಲಸಕ್ಕೆ ಹೊರಟಳು. ಹೊರಡುವಾಗ, ‘ನಿಮ್ಮಲ್ಲಿ ಒಬ್ಬರು ಚೆನ್ನಾಗಿ ಕೆಲಸ ಗೊತ್ತಿರೋರು ಇದ್ದಾರಲ್ಲ, ಅವರನ್ನ ಸಂಜೆ ಕರ್ಕೊಂಡು ಬನ್ನಿ’ ಎಂದಷ್ಟೇ ಹೇಳಿದಳು.

ಆಯ್ತಪ್ಪ ಬಂದ. ಬಾಗಿಲ ಮೇಲಿನ ಸುತ್ತೋಲೆ ನೋಡಿ, ‘ಇಲ್ಲೂ ನಮ್ಮ ಶಾಖೆ ಇದೆಯಾ ಅಮ್ಮಾ?’ ಎಂದ.

‘ಇದೇ ಹಳೇ ಶಾಖೆ’ ಎಂದಳು ನನ್ನ ಹೆಂಡತಿ.

ಅವನು ತೆಳುವಾದ ಚಾಕುವನ್ನು ಅಂಚಿನಲ್ಲಿ ತೂರಿಸಿ, ಸುತ್ತ ಒಂದು ಸಲ ಎಳೆದ. ಬಾಗಿಲು ಬಿಟ್ಟುಕೊಂಡಿತು. ಜೇಬಿನಿಂದ ಹೊಸ ಕೀಲೊಂದನ್ನು ತೆಗೆದ. ದಾರಿಯಲ್ಲಿ ಅವನೇ ಕೊಂಡಿದ್ದ. ನಾಲ್ಕು ತಿರುಪು, ಹತ್ತು ನಿಮಿಷ. ‘ಮುಗಿದಿದೆ ಅಮ್ಮಾ.’ ಅವಳು ಟೀ ಮಾಡಿದಳು. ಇಬ್ಬರೂ ಮೇಜಿನ ಎದುರುಬದುರು ಕೂತರು. ನಾನು ಬಾಗಿಲು ಪರೀಕ್ಷಿಸುವವನಂತೆ ಅದನ್ನು ತೆಗೆದು ಮುಚ್ಚುತ್ತಾ ನಿಂತೆ.

‘ಇವರ ಜೊತೆ ನಿಮಗೆ ಎಷ್ಟು ವರ್ಷ?’ ಎಂದಳು ಹೆಂಡತಿ.

‘ಒಂಬತ್ತು. ನಿಮಗೆ?’

‘ಹದಿನೇಳು.’

ಆಯ್ತಪ್ಪ ಗೌರವದಿಂದ ಲೋಟ ಕೆಳಗಿಟ್ಟ.

‘ಹೇಗೆ ನಿಭಾಯಿಸ್ತೀರಿ?’ ಎಂದು ಅವಳು ಕೇಳಿದಳು.

‘ಸಾರ್ ಒಳ್ಳೇವರು ಅಮ್ಮಾ. ದಿನಕ್ಕೆ ಹತ್ತು ಹೊಸ ಯೋಚನೆ ಬರುತ್ತೆ, ಅಷ್ಟೆ. ಬೇಡ ಅಂದ್ರೆ ಕೂತು ವಿವರಿಸ್ತಾರೆ, ಅರ್ಧ ದಿನ ಹೋಗುತ್ತೆ. ಅದಕ್ಕೆ ಎಲ್ಲಕ್ಕೂ ಒಂದು ಮಾತು ಹೇಳಿ, ಮಾಡಬೇಕಾದ್ದು ಮಾಡ್ತಿದ್ದೆ. ಈಗ ಆ ಮಾತೂ ಇಲ್ಲ. ಕಷ್ಟ ಆಗಿದೆ.’

‘ನಾನು ಏನು ಮಾಡ್ತೀನಿ ಅಂದ್ರೆ’ ಎಂದು ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು, ‘ಅವರ ಯೋಚನೆಯನ್ನ ಬರೆಸಿ ಇಟ್ಕೋತೀನಿ.’

ನಿಭಾಯಿಸಲು ಕಷ್ಟವಾದ ನೌಕರನ ಬಗ್ಗೆ ಅಷ್ಟು ತಿಳಿವಳಿಕೆಯ ಚರ್ಚೆಯನ್ನು ನಾನು ಎಲ್ಲೂ ಕೇಳಿರಲಿಲ್ಲ. ನೌಕರ ಅಲ್ಲೇ ನಿಂತಿದ್ದಾನೆ ಎಂಬುದು ಇಬ್ಬರಿಗೂ ಅಡ್ಡಿಯಾಗಲಿಲ್ಲ. ಟೀ ಕೂಡ ಚೆನ್ನಾಗಿತ್ತು.

ಅವನು ಹೋದಮೇಲೆ ಅವಳು ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತಳು. ‘ಲೋಟ ತೊಳೆದಿಡಿ’ ಎಂಬ ಮಾತು ಅಲ್ಲಿಂದ ಬಂತು. ‘ಒಪ್ಪಿದ್ದೇನೆ’ ಎಂದೆ. ಮೂರು ಲೋಟ ತೊಳೆದೆ, ಒರೆಸಿದೆ, ಒಳಗಿಟ್ಟೆ. ಕಪಾಟು ಒಂದೇ ಬೆರಳಿಗೆ ಮುಚ್ಚಿಕೊಂಡಿತು.

‘ಮುಗಿದಿದೆ’ ಎಂದು ವರದಿ ಒಪ್ಪಿಸಿದೆ.

‘ಆಯ್ತು’ ಎಂದಳು, ಪೇಪರಿನಿಂದ ತಲೆ ಎತ್ತದೆ.

ಸಿಕ್ಕಿಬಿದ್ದಳು ಎಂದುಕೊಂಡು ಸುತ್ತೋಲೆಯ ಮುಂದೆ ಬಂದು ನಿಂತೆ. ಮೇಲಿನಿಂದ ಕೆಳಗಿನವರೆಗೆ ಓದಿದೆ. ಕೊನೆಯ ಸಾಲು ಸ್ಪಷ್ಟವಾಗಿತ್ತು. ಮೇಲಿನವರಿಗೆ ಅನ್ವಯಿಸುವುದಿಲ್ಲ. ಕೆಳಗೆ ನನ್ನ ಸಹಿ ಇತ್ತು.